ಹಪ್ಪಳದ ಅಟ್ಟಿನಳಗೆಗೆ ದೊಡ್ಡ ಗ್ಯಾಸ್ ಬರ್ನರ್: ಆರಿಸಿದ್ದು, ಕೂರಿಸಿದ್ದು, ಸರಿ ಮಾಡಿದ್ದು

ಕಾಸರಗೋಡಿನ ಪೆರ್ಲ, ಬದಿಯಡ್ಕ, ನೀರ್ಚಾಲು ಕಡೆಯಲ್ಲಿ ವಿಷು ಕಳೆಯುತ್ತಿದ್ದಂತೆ ಹಲಸಿನ ಹಪ್ಪಳದ ಗಡಿಬಿಡಿ ಶುರುವಾಗುತ್ತದೆ. ಮೇ ಕೊನೆಗೆ ಬರುವ ಪತ್ತನಾಜೆಯ ಒಳಗೆ ಮುಗಿಸಬೇಕು. ಆಮೇಲೆ ಮಳೆ ಹಿಡಿದರೆ ಒಣಗಿಸಲು ಬಿಸಿಲಿಲ್ಲ. ನಮ್ಮಲ್ಲಿ ನೆರೆಕರೆಯ ಹೆಂಗಸರೆಲ್ಲ ಸೇರಿ ಹಪ್ಪಳ ಮಾಡಿ ಮಾರುತ್ತಾರೆ. ಸೊಳೆಯನ್ನು (ಹಲಸಿನ ತೊಳೆ) ಅಟ್ಟಿನಳಗೆಯಲ್ಲಿ, ಅಂದರೆ ಹಬೆಯಲ್ಲಿ ಬೇಯಿಸುವ ದೊಡ್ಡ ಪಾತ್ರೆಯಲ್ಲಿ, ಬೇಯಿಸುವುದು ಮಾತ್ರ ನಮ್ಮ ಹಿತ್ತಿಲಲ್ಲಿ. ಇಷ್ಟು ವರ್ಷ ಕಟ್ಟಿಗೆ ಒಲೆ ಇತ್ತು. ಈ ವರ್ಷ ಗ್ಯಾಸಿಗೆ ಬದಲಿಸಿದೆವು. ಯಾವ ಬರ್ನರ್, ಎಷ್ಟು ಎತ್ತರ, ಏನು ಖರ್ಚು, ಎಲ್ಲಿ ಕೈಕೊಟ್ಟಿತು ಎಂಬುದನ್ನು ಕ್ರಮವಾಗಿ ಬರೆದಿಟ್ಟಿದ್ದೇನೆ. ದೊಡ್ಡ ಪಾತ್ರೆಯಲ್ಲಿ ಏನೇ ಬೇಯಿಸುವವರಿಗೂ ಇದು ಉಪಯೋಗಕ್ಕೆ ಬರುತ್ತದೆ. ಪುನರ್ಪುಳಿ (ಕೋಕಂ) ಶರಬತ್ತು ಕಾಯಿಸುವವರಿಗೂ ಸರಿ, ಸಣ್ಣ ಜಂಬರಕ್ಕೆ (ಮನೆಯ ಸಮಾರಂಭ) ಅನ್ನ ಮಾಡುವವರಿಗೂ ಸರಿ.

ಕಟ್ಟಿಗೆ ಬಿಟ್ಟದ್ದಕ್ಕೆ ಕಾರಣ ಕಟ್ಟಿಗೆಯ ಬರ ಅಲ್ಲ. ಮಡಲು (ತೆಂಗಿನ ಗರಿ), ಕೊತ್ತಳಿಗೆ (ಗರಿಯ ಬುಡದ ದಪ್ಪ ಭಾಗ), ಗೆರಟೆ (ಚಿಪ್ಪು), ಅಡಿಕೆ ಸಿಪ್ಪೆ ಎಲ್ಲ ತೋಟದಲ್ಲೇ ಇದೆ. ಆದರೆ ಒಲೆಯ ಮುಂದೆ ಕೂತವರಿಗೆ ದಿನವಿಡೀ ಹೊಗೆ. ಸಂಜೆಗೆ ಕಣ್ಣು ಕೆಂಪಾಗಿ ಕೆಮ್ಮು ಹಿಡಿಯುತ್ತದೆ. ಏಪ್ರಿಲ್‌ನ ಅಡ್ಡಮಳೆಗೆ ನೆನೆದ ಕೊತ್ತಳಿಗೆ ಹಾಕಿದ ಕೂಡಲೇ ಉರಿ ಬೀಳುತ್ತದೆ, ಹಬೆ ನಿಲ್ಲುತ್ತದೆ. ಹಬೆ ನಿಂತರೆ ಸೊಳೆ ನೀರು ಕುಡಿಯುತ್ತದೆ. ನೀರು ಕುಡಿದ ಸೊಳೆಯ ಹಿಟ್ಟು ಕೈಗೆ ಅಂಟುತ್ತದೆ, ಹಪ್ಪಳ ಒಣಗುವಾಗ ಬಿರಿಯುತ್ತದೆ. ನಮಗೆ ಬೇಕಾದದ್ದು ಒಂದೇ: ನಿಲ್ಲದ ಹಬೆ.

ಫೆಬ್ರುವರಿ ಕೊನೆ: ಮೊದಲು ಪಾತ್ರೆಯ ಅಳತೆ

ಬರ್ನರ್ ಅಂಗಡಿಗೆ ಹೋಗುವ ಮೊದಲು ಪಾತ್ರೆ ಅಳೆಯಬೇಕು. ಅಂಗಡಿಯವರು ಕೇಳುವುದು "ಎಷ್ಟು ಜನಕ್ಕೆ?" ಎಂದು. ಅದು ನಮಗೆ ಉಪಯೋಗವಿಲ್ಲದ ಲೆಕ್ಕ.

ನಮ್ಮ ಅಟ್ಟಿನಳಗೆ ಅಲ್ಯೂಮಿನಿಯಂನದ್ದು. ತಳದ ಅಗಲ 18 ಇಂಚು. ತಳದಲ್ಲಿ 10 ಲೀಟರ್ ನೀರು, ಮೇಲೆ ತೂತಿನ ಎರಡು ತಟ್ಟೆ, ಅವುಗಳಲ್ಲಿ 15 ಕಿಲೋ ಸೊಳೆ. ಪಾತ್ರೆಯ ತೂಕವೂ ಸೇರಿ ಸ್ಟ್ಯಾಂಡಿನ ಮೇಲೆ 33 ಕಿಲೋದಷ್ಟು ಭಾರ. ಇದೇ ಸ್ಟ್ಯಾಂಡಿನಲ್ಲಿ 60 ಲೀಟರಿನ ಚರಿಗೆಯನ್ನೂ (ಅನ್ನ ಮಾಡುವ ದೊಡ್ಡ ಪಾತ್ರೆ) ಇಡಬೇಕಾಗಬಹುದು. ತುಂಬಿದರೆ ಅದು 70 ಕಿಲೋ ದಾಟುತ್ತದೆ. ಹಾಗಾಗಿ 100 ಕಿಲೋ ತಡೆಯುವ ಸ್ಟ್ಯಾಂಡ್ ಎಂದು ಗುರಿ ಇಟ್ಟೆವು.

ಮನೆಯ ಅಡುಗೆ ಒಲೆಯಲ್ಲೇ ಆಗುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ನೋಡಿದ್ದೇವೆ. 20 ಲೀಟರ್ ನೀರು ಕುದಿಯಲು ಒಂದು ಗಂಟೆ ದಾಟಿತು. ಹೊತ್ತಿಗಿಂತ ದೊಡ್ಡ ತೊಂದರೆ ಇನ್ನೊಂದಿದೆ. ಅಷ್ಟು ಅಗಲದ ತಳ ಒಲೆಯನ್ನು ಪೂರ್ತಿ ಮುಚ್ಚುತ್ತದೆ. ಬಿಸಿ ಕೆಳಕ್ಕೆ ತಿರುಗಿ ತಿರುಗಣೆ, ಪೈಪು ಎಲ್ಲ ಕಾಯುತ್ತವೆ. ಮೇಲೆ ಗಾಜಿನ ಹಾಸು ಇರುವ ಒಲೆಯಾದರೆ ಒಡೆಯುವ ಭಯವೂ ಇದೆ. ದಯವಿಟ್ಟು ಅದನ್ನು ಮಾಡಬೇಡಿ.

ಸಿಲಿಂಡರ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹಪ್ಪಳ ಮಾರುವುದು ವ್ಯಾಪಾರ. ಮನೆಯ 14.2 ಕಿಲೋ ಸಿಲಿಂಡರನ್ನು ಅದಕ್ಕೆ ಬಳಸುವಂತಿಲ್ಲ, ಕಾನೂನು ಹಾಗಿದೆ. 19 ಕಿಲೋದ ವಾಣಿಜ್ಯ ಸಿಲಿಂಡರ್ ತೆಗೆದುಕೊಂಡೆವು. ಮನೆಯ ಸಿಲಿಂಡರಿನ ರೆಗ್ಯುಲೇಟರ್ ಒತ್ತಡ ತೀರಾ ಕಡಿಮೆ, ಹೈ ಪ್ರೆಶರ್ ಬರ್ನರಿಗೆ ಅದು ಸಾಲುವುದೂ ಇಲ್ಲ.

ಮಾರ್ಚ್ ಮೊದಲ ವಾರ: ಎರಡು ಬರ್ನರ್, ಒಂದು ತೂಕದ ಯಂತ್ರ

ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ. ಒಂದು ಕಡಿಮೆ ಒತ್ತಡದ್ದು, ಇನ್ನೊಂದು ಹೈ ಪ್ರೆಶರ್. ಎರಡರ ಜೆಟ್ಟಿನ (ಗ್ಯಾಸ್ ಚಿಮ್ಮುವ ಬಾಯಿಯ) ತೂತು ಬೇರೆ ಬೇರೆ. ಕಡಿಮೆ ಒತ್ತಡದ ಬರ್ನರಿಗೆ ಹೈ ಪ್ರೆಶರ್ ರೆಗ್ಯುಲೇಟರ್ ಹಾಕಿದರೆ ಉರಿ ಆಳೆತ್ತರ ಏಳುತ್ತದೆ. ಬರ್ನರ್, ಜೆಟ್, ರೆಗ್ಯುಲೇಟರ್ ಮೂರನ್ನೂ ಜೋಡಿಯಾಗಿಯೇ ತೆಗೆದುಕೊಳ್ಳಬೇಕು.

ನಮ್ಮ ಮುಂದೆ ಇದ್ದದ್ದು ಎರಡು ಬೀಡು ಕಬ್ಬಿಣದ ಹೈ ಪ್ರೆಶರ್ ಬರ್ನರ್. ದೊಡ್ಡದು 12 ಇಂಚಿನ ಮೂರು ಬಳೆಯದ್ದು. ಜಂಬರದ ಅಡುಗೆಯವರೊಬ್ಬರು ನೋಡಲು ಕೊಟ್ಟರು. ಸಣ್ಣದು 8 ಇಂಚಿನ ಕ್ಯಾಂಟೀನ್ ಬರ್ನರ್. ಅದನ್ನು ₹1,150 ಕೊಟ್ಟು ತಂದೆ. ಎಲ್ಲರೂ ಹೇಳಿದ್ದು ದೊಡ್ಡದೇ ಇರಲಿ, ಬೇಡವಾದಾಗ ಸಣ್ಣ ಮಾಡಿದರಾಯಿತು ಎಂದು. ಕೇಳಲು ಸರಿ ಅನಿಸುತ್ತದೆ.

ಅಡಿಕೆ ತೂಗುವ ಯಂತ್ರ ಮನೆಯಲ್ಲಿತ್ತು. 100 ಕಿಲೋವರೆಗೆ ತೂಗುತ್ತದೆ, 10 ಗ್ರಾಂ ವ್ಯತ್ಯಾಸ ತೋರಿಸುತ್ತದೆ. ಸಿಲಿಂಡರನ್ನು ಅದರ ಮೇಲೆ ನಿಲ್ಲಿಸಿ, ಹಚ್ಚುವ ಮೊದಲು ಮತ್ತು ಆರಿಸಿದ ಮೇಲೆ ತೂಕ ಬರೆದುಕೊಂಡೆ. ಪಾತ್ರೆಯಲ್ಲಿ 20 ಲೀಟರ್ ಬಾವಿ ನೀರು, 27 ಡಿಗ್ರಿ. ಮುಚ್ಚಳ ಹಾಕಿ ಕುದಿಸಿದ್ದು.

ದೊಡ್ಡ ಬರ್ನರಿನಲ್ಲಿ 15 ನಿಮಿಷಕ್ಕೆ ಕುದಿ ಬಂತು. ಗ್ಯಾಸ್ ಹೋದದ್ದು 450 ಗ್ರಾಂ.

ಸಣ್ಣ ಬರ್ನರಿನಲ್ಲಿ 20 ನಿಮಿಷ. ಗ್ಯಾಸ್ 300 ಗ್ರಾಂ.

ಐದು ನಿಮಿಷ ಬೇಗ ಆಗಲು ಒಂದೂವರೆ ಪಾಲು ಗ್ಯಾಸ್. ಕಾರಣ ಕಣ್ಣಿಗೇ ಕಾಣುತ್ತಿತ್ತು. ದೊಡ್ಡ ಬರ್ನರಿನ ಉರಿ 18 ಇಂಚಿನ ತಳ ದಾಟಿ ಪಾತ್ರೆಯ ಬದಿ ಹಿಡಿದು ಮೇಲೇರುತ್ತಿತ್ತು. ಆ ಬಿಸಿ ನೀರಿಗೆ ಹೋಗುವುದಿಲ್ಲ, ಗಾಳಿಗೆ ಹೋಗುತ್ತದೆ. ಹಿಡಿಕೆಗಳೂ ಮುಟ್ಟಲಾಗದಷ್ಟು ಕಾಯುತ್ತವೆ. ಲೆಕ್ಕ ಬೇಕಾದವರಿಗೆ: ಅಷ್ಟು ನೀರು ಕುದಿಯಲು ಬೇಕಾದದ್ದು ಸುಮಾರು 6.1 ಮೆಗಾಜೂಲ್. ಒಂದು ಕಿಲೋ ಎಲ್‌ಪಿಜಿ ಕೊಡುವುದು ಸುಮಾರು 46. ದೊಡ್ಡದರಲ್ಲಿ ನೀರಿಗೆ ಸೇರಿದ್ದು ನೂರಕ್ಕೆ 30 ಪಾಲು, ಸಣ್ಣದರಲ್ಲಿ 44.

"ಬೇಡವಾದಾಗ ಸಣ್ಣ ಮಾಡಿದರಾಯಿತು" ಎಂಬುದನ್ನೂ ನೋಡಿದೆ. ಆಗಲಿಲ್ಲ. ದೊಡ್ಡ ಬರ್ನರಿನ ಉರಿಯನ್ನು ಹಬೆಗೆ ಬೇಕಾದಷ್ಟು ಸಣ್ಣ ಮಾಡುತ್ತಾ ಬಂದರೆ, ಒಂದು ಹಂತದಲ್ಲಿ "ಪಟ್" ಎಂದು ಸದ್ದಾಗಿ ಉರಿ ಮೇಲಿಂದ ಮಾಯ. ಜೆಟ್ಟಿನ ಹತ್ತಿರ ಕೊಳವೆಯ ಒಳಗೆ ಉರಿಯತೊಡಗಿತು. ಗ್ಯಾಸ್ ಬರುವ ವೇಗ ಕಡಿಮೆಯಾದರೆ ಉರಿ ಹಿಂದಕ್ಕೆ ಸರಿಯುತ್ತದೆ. ಹಾಗಾದರೆ ಕೂಡಲೇ ಗ್ಯಾಸ್ ನಿಲ್ಲಿಸಬೇಕು. ಕೊಳವೆ ಆರಿದ ಮೇಲೆಯೇ ಮತ್ತೆ ಹಚ್ಚಬೇಕು.

ಇನ್ನೊಂದು ಕಾರಣ ನಾನು ಯೋಚಿಸಿಯೇ ಇರಲಿಲ್ಲ. ಅದನ್ನು ತೋರಿಸಿಕೊಟ್ಟವರು ದೊಡ್ಡಮ್ಮ. ನಮ್ಮಲ್ಲಿ ಅಟ್ಟಿನಳಗೆಯ ನೀರಿಗೆ ಒಂದು ಸಣ್ಣ ನುಣುಪು ಕಲ್ಲು ಹಾಕುವುದು ಹಳೆಯ ಕ್ರಮ. ನೀರು ಕುದಿಯುತ್ತಿರುವಷ್ಟು ಹೊತ್ತು ಅದು ತಳದಲ್ಲಿ ಕಟಕಟ ಎನ್ನುತ್ತಾ ಇರುತ್ತದೆ. ನೀರು ತೀರಾ ಕಡಿಮೆಯಾದಾಗ ಸದ್ದು ಬದಲಾಗುತ್ತದೆ, ಆಮೇಲೆ ನಿಲ್ಲುತ್ತದೆ. ಮುಚ್ಚಳ ತೆಗೆಯದೆ ನೀರಿನ ಮಟ್ಟ ತಿಳಿಯುವ ಉಪಾಯ. ದೊಡ್ಡ ಬರ್ನರ್ ಹಚ್ಚಿ ಸೊಳೆ ಇಟ್ಟಾಗ ದೊಡ್ಡಮ್ಮ ಅಳಗೆಯ ಬದಿಗೆ ಕಿವಿಗೊಟ್ಟು ನಿಂತರು. "ಈ ಒಲೆಯ ಶಬ್ದಲ್ಲಿ ಕಲ್ಲಿನ ಶಬ್ದವೇ ಕೇಳ್ತಿಲ್ಲೆ. ಕಿಚ್ಚು ರಜಾ ಸಣ್ಣ ಮಾಡು" ಅಂದರು. ರಜಾ ಎಂದರೆ ಸ್ವಲ್ಪ. ನಿಜ. ಅದರ ಬುಸುಗುಡುವ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳುವುದಿಲ್ಲ. ಸಣ್ಣ ಬರ್ನರಿನಲ್ಲಿ ಕಲ್ಲು ಚೆನ್ನಾಗಿ ಕೇಳಿಸುತ್ತದೆ. ತಳ ಹೊತ್ತಿ 15 ಕಿಲೋ ಸೊಳೆ ಹಾಳಾಗುವುದಕ್ಕಿಂತ ಐದು ನಿಮಿಷ ಜಾಸ್ತಿ ಕಾಯುವುದು ಮೇಲು, ಅಲ್ವಾ?

ಸಣ್ಣದೇ ಎಂದು ತೀರ್ಮಾನವಾಯಿತು. ದೊಡ್ಡದನ್ನು ಹಿಂದೆ ಕೊಟ್ಟೆ.

ಮಾರ್ಚ್ ಎರಡನೇ ವಾರ: ಸ್ಟ್ಯಾಂಡ್

ಮೊದಲು ಮೂರು ಕೆಂಪುಕಲ್ಲು ಇಟ್ಟು ಅದರ ಮೇಲೆ ಅಳಗೆ ಕೂರಿಸಿ ನೋಡಿದೆವು. ಕಟ್ಟಿಗೆ ಒಲೆಗೆ ಅದು ಸಾಕು. ಗ್ಯಾಸಿಗೆ ಆಗಲಿಲ್ಲ. ಉರಿ ಒಂದೇ ಕಡೆ ತಾಗಿ ಕಲ್ಲು ಕಾಯುತ್ತದೆ, ಮೇಲಿಂದ ಕುದಿನೀರು ಚೆಲ್ಲಿದಾಗ ಅಂಚು ಉದುರುತ್ತದೆ. ಉದುರಿದ ಪುಡಿ ಬರ್ನರಿನ ತೂತಿಗೆ ಬೀಳುತ್ತದೆ. ಪಾತ್ರೆ ಅಲುಗಾಡುತ್ತದೆ ಎಂಬುದು ಬೇರೆ.

ಆಮೇಲೆ ಪೆರ್ಲದ ವೆಲ್ಡಿಂಗ್ ಅಂಗಡಿಗೆ ಹೋದೆ. 40×40×5 ಮಿಲಿಮೀಟರ್ ಕಬ್ಬಿಣದ ಆ್ಯಂಗಲ್, ಒಟ್ಟು 20 ಕಿಲೋ. ಮೇಲಿನ ಚೌಕ 50 ಸೆಂಟಿಮೀಟರ್, ಕಾಲಿನ ಎತ್ತರ 40 ಸೆಂಟಿಮೀಟರ್, ಕೆಳಗೂ ಒಂದು ಚೌಕ. ಎತ್ತರವನ್ನು ಹೆಂಗಸರನ್ನು ನಿಲ್ಲಿಸಿಯೇ ತೀರ್ಮಾನಿಸಿದ್ದು. ಬಿಸಿ ತಟ್ಟೆಯನ್ನು ಎತ್ತುವಾಗ ಕೈ ಎದೆಗಿಂತ ಮೇಲೆ ಹೋಗಬಾರದು. ಹಬೆ ಮುಖಕ್ಕೆ ಹೊಡೆಯುತ್ತದೆ. ವೆಲ್ಡಿಂಗ್‌ನವರು 60 ಸೆಂಟಿಮೀಟರ್ ಮಾಡೋಣ, ಬಗ್ಗುವುದು ಬೇಡ ಅಂದಿದ್ದರು. ಅಳಗೆಯ ಎತ್ತರ ಲೆಕ್ಕಕ್ಕೆ ಹಿಡಿದ ಮೇಲೆ ಅವರೂ ಒಪ್ಪಿದರು.

ಬರ್ನರ್ ಕೂರುವ ಪಟ್ಟಿಯನ್ನು ಬೆಸೆಯಲಿಲ್ಲ. ಎರಡು ಬದಿಗೆ ಉದ್ದ ಸೀಳು ಹಾಕಿಸಿ ಬೋಲ್ಟಿನಲ್ಲಿ ನಿಲ್ಲಿಸಿದೆವು, ಮೇಲೆ ಕೆಳಗೆ ಸರಿಸಲು ಆಗುವಂತೆ. ಈ ಒಂದು ಕೆಲಸದಿಂದ ಮುಂದೆ ಬಹಳ ಅನುಕೂಲವಾಯಿತು. ಬರ್ನರಿಗೂ ಪಾತ್ರೆಯ ತಳಕ್ಕೂ ಎಷ್ಟು ಅಂತರ ಇರಬೇಕೆಂದು ಯಾರೂ ಸರಿಯಾಗಿ ಹೇಳುವುದಿಲ್ಲ, ನೋಡಿಯೇ ತಿಳಿಯಬೇಕು. ಅದೇ 20 ಲೀಟರ್ ನೀರಿನಲ್ಲಿ ಹೀಗಾಯಿತು:

10 ಸೆಂಟಿಮೀಟರ್ ಅಂತರ: 23 ನಿಮಿಷ, 340 ಗ್ರಾಂ.

6.5 ಸೆಂಟಿಮೀಟರ್: 20 ನಿಮಿಷ, 300 ಗ್ರಾಂ.

4 ಸೆಂಟಿಮೀಟರ್: 22 ನಿಮಿಷ, 310 ಗ್ರಾಂ. ಉರಿಯ ತುದಿ ಹಳದಿ, ತಳಕ್ಕೆ ಮಸಿ, ಮೂಗಿಗೆ ಘಾಟು.

ಹತ್ತಿರ ಇಟ್ಟರೆ ಬೇಗ ಕಾಯುತ್ತದೆ ಎಂದುಕೊಳ್ಳುವುದು ಸಹಜ. ಆದರೆ ಉರಿ ಪೂರ್ತಿ ಉರಿಯುವ ಮೊದಲೇ ತಣ್ಣನೆಯ ತಳಕ್ಕೆ ತಾಗಿದರೆ ಅರ್ಧಂಬರ್ಧ ಉರಿಯುತ್ತದೆ. ಆಗ ಬರುವ ಗಾಳಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆ ಇಲ್ಲ, ಮುಚ್ಚಿದ ಕೋಣೆಯಲ್ಲಿ ಜೀವ ತೆಗೆಯುತ್ತದೆ. ನಮ್ಮ ಜಾಗ ಮೂರು ಕಡೆ ತೆರೆದಿರುವ ಮಾಡು (ಸೂರು). ಆದರೂ 6.5ಕ್ಕೇ ಬೋಲ್ಟ್ ಬಿಗಿ ಮಾಡಿದೆ.

ಕೊನೆಗೆ ಸ್ಟ್ಯಾಂಡಿನ ಮೇಲೆ 50 ಕಿಲೋದ ಎರಡು ಸಿಮೆಂಟ್ ಮೂಟೆ ಹೇರಿ ರಾತ್ರಿಯಿಡೀ ಬಿಟ್ಟೆವು. ಬಾಗಲಿಲ್ಲ.

ಮಾರ್ಚ್ ಮೂರನೇ ವಾರ: ಗೋಡೆ, ಪೈಪು, ಸೋರಿಕೆ

ಸಿಲಿಂಡರ್ ಮತ್ತು ಉರಿಯ ನಡುವೆ ಏನಾದರೂ ಗಟ್ಟಿ ಅಡ್ಡ ಇರಬೇಕು ಎಂಬುದು ನಮ್ಮ ಹಟ. 5 ಅಡಿ ಉದ್ದ, 3 ಅಡಿ ಎತ್ತರಕ್ಕೆ ಕೆಂಪುಕಲ್ಲಿನ ಗಿಡ್ಡ ಗೋಡೆ ಕಟ್ಟಿಸಿದೆವು. 22 ಕಲ್ಲು ಹಿಡಿಯಿತು. ಗೋಡೆಯ ಆಚೆ ಸಿಲಿಂಡರ್, ಈಚೆ ಒಲೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲ ಹಿಡಿದು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ಸಿಲಿಂಡರ್ ಇಡುವ ಜಾಗ ಅಂಗಳದ ಮಟ್ಟದಿಂದ ಒಂದು ಕಲ್ಲಿನಷ್ಟು ಎತ್ತರ. ಹತ್ತಿರ ನೀರಿನ ತೋಡು, ಗುಂಡಿ ಇಲ್ಲದ ಕಡೆ ಆರಿಸಿದೆವು. ನಮ್ಮ ಮೊದಲ ಯೋಚನೆ ಬಚ್ಚಲ ಕೊಟ್ಟಿಗೆಯ ಪಕ್ಕ ಇತ್ತು. ಅಲ್ಲಿ ನೀರು ಹೋಗುವ ಕಣಿ ಇದೆ, ಅದಕ್ಕೇ ಬಿಟ್ಟೆವು.

ಗೋಡೆಯ ಮೂಲಕ ಅರ್ಧ ಇಂಚಿನ ಸಿ ಕ್ಲಾಸ್ (ದಪ್ಪ ಗೋಡೆಯ) ಜಿಐ (ಸತು ಲೇಪದ ಕಬ್ಬಿಣದ) ಪೈಪು ಹಾಯಿಸಿ, ಎರಡು ಕಡೆಗೂ ಒಂದೊಂದು ಬಾಲ್ ವಾಲ್ವ್. ಸಿಲಿಂಡರಿನಿಂದ ಪೈಪಿಗೆ, ಪೈಪಿನಿಂದ ಬರ್ನರಿಗೆ ಗಿಡ್ಡ ಹೋಸ್. ಹೋಸ್ ತರಲು ಹೋದಾಗ ಅಂಗಡಿಯವರು ಕೊಟ್ಟದ್ದು ಹಸಿರು ಪ್ಲಾಸ್ಟಿಕ್ ಕೊಳವೆ. "ಎಲ್ಲರೂ ಇದನ್ನೇ ಒಯ್ಯುತ್ತಾರೆ" ಅಂದರು. ತರಲಿಲ್ಲ. ಗ್ಯಾಸಿಗೆಂದೇ ಮಾಡಿದ, ಒಳಗೆ ಉಕ್ಕಿನ ತಂತಿ ಹೆಣೆದ, ಹೈ ಪ್ರೆಶರ್ ಎಂದು ಬರೆದ ಹೋಸ್ ಹುಡುಕಿ ತಂದೆ. ಐಎಸ್‌ಐ ಗುರುತು, ತಯಾರಾದ ವರ್ಷ ಎರಡೂ ಮೈಮೇಲೆ ಅಚ್ಚಾಗಿರಬೇಕು. ಐದು ವರ್ಷಕ್ಕೆ ಬದಲಿಸಬೇಕು. ಆ ವರ್ಷವನ್ನು ಗೋಡೆಯ ಮೇಲೆ ಪೇಂಟಿನಲ್ಲಿ ಬರೆದಿದ್ದೇವೆ.

ಪೈಪು ಜೋಡಿಸಿದವರು ನೀರಿನ ಕೆಲಸ ಮಾಡುವವರು. ಪೈಪಿನ ತಿರುಪಿನ ಎಳೆಗಳಿಗೆ, ನಲ್ಲಿಗೆ ಸುತ್ತುವ ತೆಳು ಬಿಳಿ ಟೇಪ್ ಸುತ್ತಿ ಬಿಗಿ ಮಾಡಿದರು. ಸಾಬೂನು ನೀರು ಹಚ್ಚಿ ನೋಡಿದರೆ ಮೊಣಕೈ ತುಂಡಿನ ಹತ್ತಿರ ಸಣ್ಣ ಗುಳ್ಳೆ. ಒಂದೇ ಗುಳ್ಳೆ. ನಿಧಾನಕ್ಕೆ ಉಬ್ಬಿ, ಒಡೆದು, ಅದೇ ಜಾಗದಲ್ಲಿ ಮತ್ತೆ ಏಳುತ್ತಿತ್ತು. ಮೂಗಿಗೆ ವಾಸನೆಯೇ ಬರುತ್ತಿರಲಿಲ್ಲ, ಗಾಳಿ ಬೀಸುತ್ತಿತ್ತು. ಸಾಬೂನು ನೀರು ಹಚ್ಚದಿದ್ದರೆ ತಿಳಿಯುತ್ತಲೇ ಇರಲಿಲ್ಲ. ಎಲ್ಲ ಬಿಚ್ಚಿಸಿ, ಗ್ಯಾಸ್ ಲೈನ್ ಮಾಡುವ ಮೆಕ್ಯಾನಿಕ್ ಒಬ್ಬರನ್ನು ಕಾಸರಗೋಡಿನಿಂದ ಕರೆಸಿದೆವು. ಅವರು ಮಲಯಾಳಂನಲ್ಲಿ ಹೇಳಿದ್ದನ್ನು ವೆಲ್ಡಿಂಗ್‌ನವರು ತುಳುವಿನಲ್ಲಿ ನಮಗೆ ತಿಳಿಸಿದರು: ನೀರಿನ ಟೇಪ್ ಗ್ಯಾಸಿಗೆ ಸಲ್ಲದು, ಗ್ಯಾಸಿಗೆಂದೇ ಇರುವ ದಪ್ಪ ಟೇಪ್ ಅಥವಾ ಅಂಟು ಬೇಕು. ಮರು ಜೋಡಣೆಯಾದ ಮೇಲೆ ಗುಳ್ಳೆ ಬರಲಿಲ್ಲ. ಮೊದಲೇ ಅವರನ್ನು ಕರೆದಿದ್ದರೆ ಒಂದು ಕೂಲಿ ಉಳಿಯುತ್ತಿತ್ತು.

ಸಾಬೂನು ನೀರಿನ ಪರೀಕ್ಷೆಯನ್ನು ಸಿಲಿಂಡರ್ ಬದಲಿಸಿದಾಗಲೆಲ್ಲ ಮಾಡುತ್ತೇವೆ. ಬೆಂಕಿಕಡ್ಡಿ ಹಿಡಿದು ಸೋರಿಕೆ ನೋಡುವವರನ್ನು ನಾನು ಕಂಡಿದ್ದೇನೆ. ಅವರ ಹತ್ತಿರ ನಿಲ್ಲಬೇಡಿ, ಅವರನ್ನು ತಡೆಯಿರಿ.

ಏಪ್ರಿಲ್ ಮೊದಲ ವಾರ: ಗಾಳಿಗೆ ಮರೆ

ಮಧ್ಯಾಹ್ನ ಕಳೆದ ಮೇಲೆ ನಮ್ಮಲ್ಲಿ ಪಡುಗಾಳಿ ಬೀಸುತ್ತದೆ. ಉರಿ ಒಂದು ಬದಿಗೆ ವಾಲಿ ಅಳಗೆಯ ಅರ್ಧ ತಳ ಮಾತ್ರ ಕಾಯುತ್ತಿತ್ತು. ಮೇಲಿನ ತಟ್ಟೆಯಲ್ಲಿ ಒಂದು ಕಡೆ ಸೊಳೆ ಬೆಂದು ಹಣ್ಣಾಗಿ, ಇನ್ನೊಂದು ಕಡೆ ನಾರು ನಾರಾಗಿ ಉಳಿಯುತ್ತಿತ್ತು. ಕೈಯಲ್ಲಿ ಹಿಸುಕಿದರೆ ಗೊತ್ತಾಗುತ್ತದೆ. ಬೆಂದದ್ದು ಬೆಣ್ಣೆಯ ಹಾಗೆ ಅಮರುತ್ತದೆ, ಬೇಯದ್ದು ಬೆರಳಿನ ಮಧ್ಯೆ ಎಳೆಯಾಗಿ ನಿಲ್ಲುತ್ತದೆ. ಎರಡೂ ಸೇರಿ ಗುದ್ದಿದರೆ ಹಿಟ್ಟಿನಲ್ಲಿ ಗಂಟು.

ಮಾಡಿಗೆ ಹೊದೆಸಿ ಉಳಿದಿದ್ದ ಜಿಐ ಶೀಟ್ ಕತ್ತರಿಸಿ ಸ್ಟ್ಯಾಂಡಿನ ಸುತ್ತ ನೆಲದವರೆಗೆ ಮುಚ್ಚಿದೆವು. ಇದು ಎರಡು ರೀತಿಯಲ್ಲಿ ಕೆಟ್ಟಿತು. ಕೆಳಗಿಂದ ಗಾಳಿ ಹೋಗಲು ದಾರಿಯೇ ಇಲ್ಲದೆ ಉರಿ ಹಳದಿಯಾಯಿತು, ಅಳಗೆಯ ತಳ ಕಪ್ಪಾಯಿತು. ಜೊತೆಗೆ ಉರಿಯ ಹತ್ತಿರದ ಶೀಟಿನ ಸತುವಿನ ಲೇಪ ಕಾದು ಬಣ್ಣ ಕೆಟ್ಟು ಬಿಳಿ ಪುಡಿ ಎದ್ದಿತು. ಸತು ಕಾದ ಹೊಗೆ ಉಸಿರಿಗೆ ಒಳ್ಳೆಯದಲ್ಲ, ತಿನ್ನುವ ವಸ್ತು ಬೇಯಿಸುವಲ್ಲಿ ಅದು ಬೇಡವೇ ಬೇಡ. ಕಿತ್ತು ಹಾಕಿದೆವು.

ಈಗ ಇರುವುದು ಲೇಪವಿಲ್ಲದ ಕಪ್ಪು ಕಬ್ಬಿಣದ ತಗಡು. ಮೂರು ಬದಿಗೆ ಮಾತ್ರ, ವಾಲ್ವ್ ಇರುವ ಬದಿ ತೆರೆದಿದೆ. ನೆಲದಿಂದ ನಾಲ್ಕು ಬೆರಳು ಎತ್ತರದಲ್ಲಿ ನಿಲ್ಲಿಸಿದ್ದೇವೆ, ಮೇಲೆ ಪಾತ್ರೆಗೂ ತಗಡಿಗೂ ನಡುವೆ ಎರಡು ಬೆರಳು ಎಡೆ. ಉರಿ ಮತ್ತೆ ನೀಲಿಯಾಯಿತು. ಅದೇ 20 ಲೀಟರ್ ನೀರು 18 ನಿಮಿಷಕ್ಕೆ ಕುದಿಯಿತು, ಗ್ಯಾಸ್ 270 ಗ್ರಾಂ. ₹600ರ ತಗಡು ದೊಡ್ಡ ಬರ್ನರಿಗಿಂತ ಜಾಸ್ತಿ ಕೆಲಸ ಮಾಡಿತು. ಒಂದು ಎಚ್ಚರಿಕೆ: ಮರೆ ಒಲೆಗೆ ಮಾತ್ರ. ಸಿಲಿಂಡರನ್ನು ಅದರೊಳಗೆ ಸೇರಿಸಬಾರದು.

ಗಾಳಿಯ ತಿರುಗಣೆ ಬಗ್ಗೆ ಒಂದು ಮಾತು. ಜೆಟ್ಟಿನ ಹತ್ತಿರ ತಿರುಗಿಸುವ ಒಂದು ಬಿಲ್ಲೆ ಇರುತ್ತದೆ. ಉರಿ ಹಳದಿಯಾಗಿ ಉದ್ದ ಬಂದರೆ ಗಾಳಿ ಕಡಿಮೆ, ಬಿಲ್ಲೆ ತೆರೆಯಬೇಕು. ಉರಿ ಬರ್ನರಿನಿಂದ ಎದ್ದು ಹಾರಿ ಆರುವ ಹಾಗೆ ಆದರೆ ಗಾಳಿ ಅಥವಾ ಒತ್ತಡ ಜಾಸ್ತಿ, ಕಡಿಮೆ ಮಾಡಬೇಕು. ನೀಲಿ ಉರಿ, ತೂತಿನ ಮೇಲೆ ಗಟ್ಟಿ ಕೂತಿರಬೇಕು. ಅಷ್ಟಾದ ಮೇಲೆ ಬಿಲ್ಲೆಯ ಸ್ಕ್ರೂ ಬಿಗಿ ಮಾಡಿ ಬಿಡಿ, ಮುಟ್ಟಬೇಡಿ.

ವಿಷು ಕಳೆದ ಮೇಲೆ: ನಿಜವಾದ ಕೆಲಸ

ಮೊದಲ ಅಳಗೆ ಬಕ್ಕೆ (ಗಟ್ಟಿ ತೊಳೆಯ) ಹಲಸಿನದ್ದು. ಗೂಂಜು (ನಡುವಿನ ದಿಂಡು), ಬೇಳೆ (ಬೀಜ) ತೆಗೆದು ಬಿಡಿಸಿದ ಸೊಳೆ 15 ಕಿಲೋ. ಪೂರ್ತಿ ಉರಿಯಲ್ಲಿ ಕಾಲು ಗಂಟೆಯ ಒಳಗೆ ಮುಚ್ಚಳದ ಸುತ್ತ ಹಬೆ ಬಂತು. ಆಮೇಲೆ ಉರಿ ಅರ್ಧ ಮಾಡಿ 25 ನಿಮಿಷ. ಸಿಲಿಂಡರ್ ತೂಗಿದಾಗ ಹೋದದ್ದು 420 ಗ್ರಾಂ. ಎರಡನೇ ಅಳಗೆಗೆ ನೀರು ಆಗಲೇ ಬಿಸಿ ಇತ್ತು, 350 ಗ್ರಾಂ ಸಾಕಾಯಿತು. ನಾವು ಕೊಟ್ಟ ಕಿಲೋಗೆ ₹95ರ ಲೆಕ್ಕದಲ್ಲಿ ಒಂದು ಅಳಗೆಗೆ ₹33ರಿಂದ ₹40 ಬಿತ್ತು. ಒಂದು ಸಿಲಿಂಡರಿಗೆ 45 ಅಳಗೆಗೂ ಸ್ವಲ್ಪ ಹೆಚ್ಚು ಬೇಯಿಸಬಹುದು.

ಹಬೆ ಬಂದ ಮೇಲೂ ಪೂರ್ತಿ ಉರಿ ಇಟ್ಟರೆ ಬೇಗ ಬೇಯುತ್ತದೆ ಎಂದು ಒಮ್ಮೆ ಹಾಗೇ ಬಿಟ್ಟು ನೋಡಿದೆವು. ಬೇಗ ಬೇಯಲಿಲ್ಲ. ಹಬೆಯ ಬಿಸಿ 100 ಡಿಗ್ರಿಯೇ, ಉರಿ ಎಷ್ಟು ಇದ್ದರೂ ಅಷ್ಟೇ. ನೀರು ಮಾತ್ರ ಬೇಗ ಮುಗಿಯಿತು, ಗ್ಯಾಸ್ 600 ಗ್ರಾಂ ಹತ್ತಿರ ಹೋಯಿತು.

ನೀರು ಸೇರಿಸಬೇಕಾದರೆ ಕುದಿನೀರೇ ಆಗಬೇಕು. ತಣ್ಣೀರು ಹೊಯ್ದರೆ ಹಬೆ ನಿಂತು, ಸೊಳೆಯ ಮೇಲೆ ನೀರ ಹನಿ ಕೂರುತ್ತದೆ. ಮನೆಯ ಒಲೆಯಲ್ಲಿ ಒಂದು ಪಾತ್ರೆ ಬಿಸಿನೀರು ಯಾವಾಗಲೂ ಇಟ್ಟಿರುತ್ತೇವೆ. ಮುಚ್ಚಳದ ಒಳಬದಿಗೆ ಬಟ್ಟೆ ಕಟ್ಟುವುದು ಕೂಡ ಇದಕ್ಕೇ. ಬೆಂದ ಸೊಳೆಯನ್ನು ಬಿಸಿ ಇರುವಾಗಲೇ ಗುದ್ದಬೇಕು. ಹಾಗಾಗಿ ಗುದ್ದುವವರ ಕೈ ಎಷ್ಟು ಬೇಗವೋ ಅಳಗೆ ಅಷ್ಟು ಬೇಗ ಇಳಿದರೆ ಸಾಕು. ದೊಡ್ಡ ಬರ್ನರ್ ತಂದಿದ್ದರೂ ಸೊಳೆ ಸುಮ್ನೆ ಆರುತ್ತಾ ಕೂರುತ್ತಿತ್ತು.

ಮೇ: ಸಿಲಿಂಡರಿಗೆ ಮಂಜು ಹಿಡಿದದ್ದು

ಮನೆಯಲ್ಲಿ ಒಂದು ಸಣ್ಣ ಜಂಬರ ಬಂತು. ಅಡುಗೆಯವರ ದೊಡ್ಡ ಬರ್ನರನ್ನೇ ಮತ್ತೆ ತಂದು ಅದರಲ್ಲಿ ಚರಿಗೆ, ನಮ್ಮದರಲ್ಲಿ ಅಟ್ಟಿನಳಗೆ, ಎರಡನ್ನೂ ಒಂದೇ ಸಿಲಿಂಡರಿಗೆ ಹಾಕಿದರು. ಮುಕ್ಕಾಲು ಗಂಟೆ ಆಗುವ ಮೊದಲೇ ಎರಡೂ ಉರಿ ಕುಗ್ಗಿದವು. ಸಿಲಿಂಡರ್ ಮುಟ್ಟಿದರೆ ಐಸು. ಕೆಳಗಿನ ಅರ್ಧದಲ್ಲಿ ಬೆಳ್ಳಗೆ ಮಂಜು ಕಟ್ಟಿತ್ತು, ಬೆರಳಲ್ಲಿ ಕೆರೆದರೆ ಬರುತ್ತಿತ್ತು. ಅಲುಗಿಸಿದರೆ ಒಳಗೆ ಗ್ಯಾಸ್ ಇನ್ನೂ ಕುಲುಕುತ್ತಿದೆ.

ಸಿಲಿಂಡರಿನ ಒಳಗಿರುವುದು ದ್ರವ. ಅದು ಆವಿಯಾಗಲು ಬಿಸಿ ಬೇಕು, ಆ ಬಿಸಿಯನ್ನು ಸುತ್ತಲಿನ ಗಾಳಿಯಿಂದ ಸಿಲಿಂಡರಿನ ಮೈ ಮೂಲಕ ಎಳೆದುಕೊಳ್ಳುತ್ತದೆ. ಎರಡು ಬರ್ನರ್ ಸೇರಿ ಗಂಟೆಗೆ 2.7 ಕಿಲೋ ಎಳೆಯುತ್ತಿದ್ದವು. ಅಷ್ಟು ಬಿಸಿ ಗಾಳಿಯಿಂದ ಬರುವುದಿಲ್ಲ. ದ್ರವ ತಣ್ಣಗಾದಷ್ಟೂ ಒತ್ತಡ ಬೀಳುತ್ತದೆ. ಸಿಲಿಂಡರ್ ಅರ್ಧ ಖಾಲಿಯಾಗಿದ್ದರೆ ಇನ್ನೂ ಬೇಗ. ನಮ್ಮ ಎಲ್‌ಪಿಜಿಯಲ್ಲಿ ಪ್ರೊಪೇನ್, ಬ್ಯುಟೇನ್ ಎರಡೂ ಬೆರೆತಿರುತ್ತವೆ. ಪ್ರೊಪೇನ್ ಕುದಿಯುವುದು ಸೊನ್ನೆಗಿಂತ 42 ಡಿಗ್ರಿ ಕೆಳಗೆ, ಬ್ಯುಟೇನ್ ಹೆಚ್ಚುಕಡಿಮೆ ಸೊನ್ನೆಯಲ್ಲಿ. ಮೊದಲು ಜಾಸ್ತಿ ಹೋಗುವುದು ಪ್ರೊಪೇನ್. ಕೊನೆಯಲ್ಲಿ ಉಳಿಯುವ ಬ್ಯುಟೇನ್ ತಣ್ಣಗಾದರೆ ಮೇಲೇಳುವುದೇ ಇಲ್ಲ.

ಆಗ ಅಲ್ಲಿದ್ದವರು ಒಬ್ಬೊಬ್ಬರು ಒಂದೊಂದು ಹೇಳಿದರು. ಕುದಿನೀರು ಹೊಯ್ಯಿ ಎಂದು ಒಬ್ಬರು, ಮಲಗಿಸಿ ಎಂದು ಇನ್ನೊಬ್ಬರು. ಎರಡನ್ನೂ ಮಾಡಬಾರದು. ಮಲಗಿಸಿದರೆ ಆವಿಯ ಬದಲು ದ್ರವವೇ ಪೈಪಿಗೆ ಬರುತ್ತದೆ. ಒಂದು ಲೋಟ ದ್ರವ ಇನ್ನೂರೈವತ್ತು ಲೋಟದಷ್ಟು ಗ್ಯಾಸ್ ಆಗುತ್ತದೆ, ಬರ್ನರಿನಲ್ಲಿ ಉರಿ ಅಂಕೆ ಮೀರುತ್ತದೆ. ಕುದಿನೀರು ಹೊಯ್ದರೆ ಒಳಗಿನ ಒತ್ತಡ ಒಮ್ಮೆಲೇ ಏರುತ್ತದೆ. ನಾವು ಮಾಡಿದ್ದು ದೊಡ್ಡ ಬರ್ನರ್ ಆರಿಸಿ, ಇನ್ನೊಂದು ಸಿಲಿಂಡರ್ ತರಿಸಿ, ಅದಕ್ಕೆ ಬೇರೆಯೇ ರೆಗ್ಯುಲೇಟರ್, ಬೇರೆಯೇ ಹೋಸ್ ಹಾಕಿದ್ದು. ಅನ್ನ ಸ್ವಲ್ಪ ತಡವಾಯಿತು, ಊಟ ಸರಿಯಾಗಿ ನಡೆಯಿತು.

ನಮ್ಮ ಬರ್ನರ್ ಒಂದೇ ಇದ್ದಾಗ ಗಂಟೆಗೆ 900 ಗ್ರಾಂ, ಉರಿ ಅರ್ಧ ಮಾಡಿದ ಮೇಲೆ ಅದರ ಅರ್ಧ. ಹಪ್ಪಳದ ಕೆಲಸದಲ್ಲಿ ಸಿಲಿಂಡರಿನ ಮೇಲೆ ತೆಳ್ಳಗೆ ನೀರ ಹನಿ ಬಂದದ್ದುಂಟು, ಮಂಜು ಕಟ್ಟಿಲ್ಲ. ಆ ಹನಿಯ ಗೆರೆ ಎಲ್ಲಿದೆಯೋ ಒಳಗೆ ಗ್ಯಾಸ್ ಅಲ್ಲಿವರೆಗೆ ಇದೆ ಎಂದು ತಿಳಿಯಬಹುದು. ಒಂದು 19 ಕಿಲೋ ಸಿಲಿಂಡರಿನಿಂದ ಹೊತ್ತುಗಟ್ಟಲೆ ಉರಿಸುವುದಾದರೆ ಗಂಟೆಗೆ 1 ಕಿಲೋ ಒಳಗೆ ಇಟ್ಟುಕೊಳ್ಳುವುದು ನಮ್ಮ ಲೆಕ್ಕ.

ಖರ್ಚು

ಬರ್ನರ್ ₹1,150. ರೆಗ್ಯುಲೇಟರ್ ₹650. ಎರಡು ಹೋಸ್ ₹700. ಪೈಪು, ಮೊಣಕೈ, ವಾಲ್ವ್ ₹1,400. ಗ್ಯಾಸ್ ಮೆಕ್ಯಾನಿಕ್ ಕೂಲಿ ₹1,000. ಸ್ಟ್ಯಾಂಡಿಗೆ ಕಬ್ಬಿಣ ₹1,500, ವೆಲ್ಡಿಂಗ್ ₹1,000. ತಗಡು ₹600. ಕೆಂಪುಕಲ್ಲು ₹990. ಮೇಸ್ತ್ರಿ ಕೂಲಿ ₹1,200. ಸಿಮೆಂಟ್, ಹೊಯ್ಗೆ ₹420. ಬೆಂಕಿ ಆರಿಸುವ ಪುಡಿಯ ಸಿಲಿಂಡರ್ ₹1,700. ಒಟ್ಟು ₹12,310. ಗ್ಯಾಸ್ ಸಿಲಿಂಡರಿನ ಠೇವಣಿ, ನೀರಿನ ಪೈಪಿನವರ ಮೊದಲ ಕೂಲಿ ಇದರಲ್ಲಿ ಸೇರಿಲ್ಲ. ಬೆಂಕಿ ಆರಿಸುವ ಸಿಲಿಂಡರ್ ಬೇಡ, ನೀರಿದೆಯಲ್ಲ ಎಂದವರಿದ್ದರು. ಗ್ಯಾಸಿನ ಬೆಂಕಿಗೆ ಮೊದಲು ವಾಲ್ವ್ ಮುಚ್ಚಬೇಕು. ವಾಲ್ವ್ ಮುಟ್ಟಲು ಆಗದಿದ್ದಾಗ ದಾರಿ ಮಾಡಿಕೊಡುವುದು ಆ ಪುಡಿ. ಅದನ್ನು ಒಲೆಯಿಂದ ದೂರ, ಅಂಗಳದಿಂದ ಬರುವ ದಾರಿಯಲ್ಲಿ ತೂಗುಹಾಕಿದ್ದೇವೆ.

ಜೂನ್: ಮಳೆಗಾಲಕ್ಕೆ ಎತ್ತಿಡುವುದು

ಪತ್ತನಾಜೆ ಕಳೆಯಿತು, ಹಪ್ಪಳ ಡಬ್ಬಿ ಸೇರಿತು. ಬರ್ನರನ್ನು ಹಾಗೇ ಬಿಟ್ಟರೆ ಎರಡು ತೊಂದರೆ. ಬೀಡು ಕಬ್ಬಿಣಕ್ಕೆ ತುಕ್ಕು ಹಿಡಿದು ತೂತು ಮುಚ್ಚುತ್ತದೆ. ಇನ್ನು ಕಣಜದ ಹುಳ. ಅವಕ್ಕೆ ಈ ಕೊಳವೆ ಎಂದರೆ ಬಲು ಇಷ್ಟ, ಒಳಗೆ ಮಣ್ಣಿನ ಗೂಡು ಕಟ್ಟುತ್ತವೆ. ಅಡುಗೆಯವರ ಬರ್ನರಿನಲ್ಲಿ ಒಂದು ಬದಿ ಹಳದಿ ಉರಿ ಬರುತ್ತಿದ್ದದ್ದು ಅದರಿಂದಲೇ ಎಂದು ಬಿಚ್ಚಿದಾಗ ತಿಳಿಯಿತು. ಒಳಗಿಂದ ಹಿಡಿಯಷ್ಟು ಮಣ್ಣು ಬಂತು.

ನಾವು ಮಾಡಿದ್ದು: ಬರ್ನರ್ ಪೂರ್ತಿ ಆರಿದ ಮೇಲೆ ತಂತಿ ಬ್ರಷ್‌ನಲ್ಲಿ ಉಜ್ಜಿ, ತೂತುಗಳನ್ನು ಒಂದೊಂದಾಗಿ ಬಿಡಿಸಿ, ತೆಂಗಿನೆಣ್ಣೆ ತೆಳ್ಳಗೆ ಸವರಿದೆವು. ಜೆಟ್ ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಸಿ, ಊದಿ ಒಣಗಿಸಿ, ಬೇರೆ ಡಬ್ಬಿಯಲ್ಲಿ ಇಟ್ಟೆವು. ಜೆಟ್ಟಿನ ತೂತಿಗೆ ಸೂಜಿ, ಉಕ್ಕಿನ ತಂತಿ ಚುಚ್ಚಬಾರದು. ಕೂದಲೆಳೆಯಷ್ಟು ಅಗಲವಾದರೂ ಗ್ಯಾಸ್ ಜಾಸ್ತಿ ಬಂದು ಉರಿ ಹಳದಿಯಾಗುತ್ತದೆ, ಆಮೇಲೆ ಹೊಸ ಜೆಟ್ಟೇ ಗತಿ. ಕೊಳವೆಯ ಎರಡೂ ಬಾಯಿಗೆ ಬಟ್ಟೆ ಕಟ್ಟಿ ಅಟ್ಟಕ್ಕೆ ಏರಿಸಿದೆವು. ಗೋಡೆಯ ಪೈಪಿನ ತುದಿಗಳಿಗೆ ಮುಚ್ಚಳ ಹಾಕಿದೆ. ಸ್ಟ್ಯಾಂಡಿಗೆ ಉರಿ ತಾಗುವ ಕಡೆ ಬಿಟ್ಟು ಉಳಿದ ಕಡೆಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿದಿದ್ದೇವೆ.

ಇನ್ನು ಉಳಿದಿರುವುದು ಒಂದು ಕೆಲಸ. ಅಳಗೆಯ ತಳದಲ್ಲಿ ಒಂದು ನಲ್ಲಿ ಕೂರಿಸಬೇಕೆಂದಿದ್ದೇವೆ, ಉಳಿದ ನೀರನ್ನು ಎತ್ತಿ ಚೆಲ್ಲುವ ಕಷ್ಟ ತಪ್ಪುತ್ತದೆ. ಅಲ್ಯೂಮಿನಿಯಂಗೆ ಹಿತ್ತಾಳೆ ನಲ್ಲಿ ಹಾಕಿದರೆ ಸೇರುವಲ್ಲಿ ಬೇಗ ಸವೆಯುತ್ತದೆ ಎಂದು ಪಾತ್ರೆ ಅಂಗಡಿಯವರು ಹೇಳಿದ್ದಾರೆ. ಸ್ಟೀಲಿನ ಅಳಗೆಯನ್ನೇ ಮಾಡಿಸುವುದೋ, ಇದಕ್ಕೆ ಅಲ್ಯೂಮಿನಿಯಂ ನಲ್ಲಿ ಬೆಸೆಯುವುದೋ ಎಂದು ದರ ಕೇಳುತ್ತಿದ್ದೇನೆ. ಮುಂದಿನ ವಿಷುವಿನ ಮೊದಲು ಆಗಬೇಕು.